ಮೂರು ಕಡೆ ತೋರಿಸಿದೆ, ಮೂರು ಮಾತು. ಯಾರದ್ದು ಸರಿ?

ಗಂಗಾವತಿ ಅಮ್ಮ: ಮಗನಿಗೆ ಮೂರು ವರ್ಷ ಎರಡು ತಿಂಗಳು. ಮಾತಿಲ್ಲ. ಎರಡು ವರ್ಷವಿದ್ದಾಗಲೇ ತೋರಿಸಿದ್ದೆ. ಮಕ್ಕಳ ಡಾಕ್ಟರು "ಗಂಡು ಹುಡುಗರು ಲೇಟು, ಕಾಯಿರಿ" ಅಂದರು. ಈಗ ಸ್ಪೀಚ್ ಥೆರಪಿಸ್ಟ್ "ಆಟಿಸಂ ಇರಬಹುದು" ಅನ್ನುತ್ತಾರೆ. ಸೈಕಾಲಜಿಸ್ಟ್ ಒಂದು ಗಂಟೆ ಕೇಳಿ, ಇನ್ನೊಮ್ಮೆ ಬನ್ನಿ ಅಂದಿದ್ದಾರೆ. ರಕ್ತ ಪರೀಕ್ಷೆ ಮಾಡಿ ಒಂದೇ ಮಾತು ಹೇಳಬಾರದಾ?

ಸಿಂಧನೂರು ಮೇಷ್ಟ್ರು: ಸುಮ್ನೆ ಹೆದರಬೇಡಮ್ಮ ತಂಗಿ. ನಮ್ಮ ಅಣ್ಣನ ಮಗ ನಾಲ್ಕು ವರ್ಷಕ್ಕೆ ಮಾತಾಡಿದ, ಈಗ ಬಾಯಿ ಮುಚ್ಚಲ್ಲ. ಮೊಬೈಲ್ ಕಿತ್ತಿಡು, ಸಾಕು.

ಬಳ್ಳಾರಿ ಥೆರಪಿಸ್ಟ್: ಮೇಷ್ಟ್ರೇ, ಪ್ರತಿ ಊರಲ್ಲೂ ಅಂಥ ಒಬ್ಬ ಅಣ್ಣನ ಮಗ ಇರುತ್ತಾನೆ! ಅಕ್ಕಾ, ಆಟಿಸಂ ಅಂದ್ರೆ ಮಗುವಿನ ಮಾತು, ಬೆರೆಯೋದು, ನಡವಳಿಕೆ ಬೇರೆ ಥರ ಬೆಳೆಯೋದು. ಇದು ರಕ್ತದಲ್ಲಿ, ಸ್ಕ್ಯಾನ್‌ನಲ್ಲಿ ಸಿಗಲ್ಲ. ಮಗುವಿನ ನಡವಳಿಕೆ ನೋಡಿಯೇ ಹೇಳಬೇಕು. ನಾನು ನೋಡೋದು ಮಾತು, ಸನ್ನೆ. ಕಿವಿ ಕೇಳುತ್ತಾ ಅಂತ ಬೆರಾ ಪರೀಕ್ಷೆ ಮಾಡಿಸಿದ್ರಾ? ಬೆರಳು ತೋರಿಸ್ತಾನಾ?

ಗಂಗಾವತಿ ಅಮ್ಮ: ಕಿವಿ ಸರಿ ಇದೆ. ಬೆರಳು ತೋರಿಸಲ್ಲ. ನೀರು ಬೇಕಾದರೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಬಿಂದಿಗೆ ಮೇಲೆ ಇಡುತ್ತಾನೆ, ಮುಖ ನೋಡಲ್ಲ. ಅವಲಕ್ಕಿ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಅರ್ಧ ಗಂಟೆ ಕೂರುತ್ತಾನೆ. ಡಾಕ್ಟರ ಹತ್ತಿರ ಮಾತ್ರ ಬರೀ ಅತ್ತ.

ರಾಯಚೂರು ಮಕ್ಕಳ ಡಾಕ್ಟರ್: ಓಪಿಯಲ್ಲಿ ನಮಗೆ ಸಿಗೋದು ಆ ಅಳುವೇ. ನಾನೂ "ಕಾಯಿರಿ" ಅಂದವನೇ, ಈಗ ಅನ್ನಲ್ಲ. 16ರಿಂದ 30 ತಿಂಗಳ ಮಕ್ಕಳ ಬಗ್ಗೆ ಅಪ್ಪ-ಅಮ್ಮನಿಗೆ, ಆಟಿಸಂ ಸುಳಿವು ಹುಡುಕುವ ಎಂ-ಚಾಟ್‌ನ 20 ಪ್ರಶ್ನೆ ಕೇಳುತ್ತೇನೆ. ಅದು ಜರಡಿ ಅಷ್ಟೇ, ಅದರಲ್ಲಿ ಸಿಕ್ಕ ಮಗುವನ್ನು ಮುಂದೆ ಕಳಿಸಬೇಕು. ನಿಮ್ಮ ಮಗನಿಗೆ ಆ ವಯಸ್ಸು ದಾಟಿದೆ. ಸೈಕಾಲಜಿಸ್ಟ್ ಬಹುಶಃ ಐಸಾ ಹಾಕುತ್ತಾರೆ. ನಮ್ಮ ದೇಶದ್ದೇ ಅಳತೆ, 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70 ಮುಟ್ಟಿದರೆ ಆಟಿಸಂ ಕಡೆ. ಅವಸರದಲ್ಲಿ ಅಂಕ ಹಾಕೋರಿಗಿಂತ ಇನ್ನೊಮ್ಮೆ ಕರೆಯೋರೇ ಮೇಲು.

ಸಿಂಧನೂರು ಮೇಷ್ಟ್ರು: ಇಷ್ಟು ಚಿಕ್ಕ ಕೂಸಿಗೆ ಹಣೆಪಟ್ಟಿ ಯಾಕೆ ಸಾರ್?

ಕೊಪ್ಪಳದ ಅಪ್ಪ: ಆ ಪಟ್ಟಿ ಇಲ್ಲದೆ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಕೊಡಲ್ಲ ಮೇಷ್ಟ್ರೇ. 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ. ಆದರೆ ಥೆರಪಿಗೆ ಕಾಗದ ಕಾಯಬೇಕಿಲ್ಲ. ನನ್ನ ಮಗಳಿಗೆ ಮೊದಲೇ ಶುರು ಮಾಡಿದೆವು. ಅಂಗನವಾಡಿಗೆ ಮಕ್ಕಳ ತಪಾಸಣೆಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡಕ್ಕೆ ಹೇಳಿ, ಚೀಟಿ ಕೊಟ್ಟು ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ.

ಬಳ್ಳಾರಿ ಥೆರಪಿಸ್ಟ್: ಅಕ್ಕಾ, ಮುಂದಿನ ಸಲ ಮನೆಯ ವಿಡಿಯೋ ತಗೊಂಡು ಹೋಗಿ.

ಗಂಗಾವತಿ ಅಮ್ಮ: ಮುಚ್ಚಳದ್ದು ಈಗಲೇ ತೆಗೆದೆ. ಹಿಂದೆ ನಮ್ಮತ್ತೆ ಬೈಯೋದೂ ಕೇಳುತ್ತೆ. ಪರವಾಗಿಲ್ವಾ?

ಬಳ್ಳಾರಿ ಥೆರಪಿಸ್ಟ್: ಇರಲಿ ಬಿಡಿ. ಹೆಸರು ಹಿಡಿದು ಕರೆದಾಗ ತಿರುಗುತ್ತಾನಾ, ಅದನ್ನೂ ಒಂದು ತೆಗೀರಿ.