ಪುಟ್ಟಿಯ ಇಂಟರ್‌ವ್ಯೂ ಬಗ್ಗೆ ದೊಡ್ಡಪ್ಪನ ಉತ್ತರ

ಮಗಳೇ, ನಿನ್ನೆ ರಾತ್ರಿ ನೀನು ಮನೆಯವರ ಈ ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆ ಕಾಫಿ ಕುಡಿಯುವಾಗ ಓದಿದೆ. ನಿನ್ನ ಮಗಳು ಪುಟ್ಟಿಯ ಬಿ.ಕಾಂ. ಮುಗಿಯುತ್ತಾ ಬಂತು, ಗುರುವಾರ ಮಂಗಳೂರಿನಲ್ಲಿ ಅವಳ ಮೊದಲ ಇಂಟರ್‌ವ್ಯೂ, ಅಲ್ಲಿಗೆ ತುಂಬಿ ತರಬೇಕಾದ ಫಾರ್ಮಿನಲ್ಲಿ ಕಿವಿಯ ವಿಷಯ ಬರೆಯಬೇಕೋ ಬೇಡವೋ, ಬರೆದರೆ ಬಾಗಿಲಿನಿಂದಲೇ ಹಿಂದೆ ಕಳಿಸುತ್ತಾರೇನೋ, ಅವರು ಕೇಳಿದ್ದು ಅವಳಿಗೆ ಕೇಳಿಸದಿದ್ದರೆ ಹೇಳಿಕೊಡಲು ನಾನೂ ಒಳಗೆ ಹೋಗಿ ಕೂರಲೇ ಎಂದು ಕೇಳಿದ್ದೀ. ನಾನು ಯಾವಾಗಲೂ ಮಾತನಾಡಿಯೇ ಕಳಿಸುವವನು, ಈ ಸಣ್ಣ ಅಕ್ಷರಗಳನ್ನು ಒತ್ತುವುದು ನನ್ನ ಬೆರಳುಗಳಿಗೆ ಒಗ್ಗುವುದಿಲ್ಲ. ಆದರೂ ಈ ಸಲ ಕುಳಿತು ಬರೆಯುತ್ತಿದ್ದೇನೆ. ಏಕೆಂದು ಮುಂದೆ ಹೇಳುತ್ತೇನೆ.

ನೀನು ಒಳಗೆ ಹೋಗಬೇಡ. ಉಳಿದದ್ದನ್ನೆಲ್ಲ ಆಮೇಲೆ ನೋಡೋಣ, ಮೊದಲು ಇದನ್ನು ಹೇಳಿಬಿಡುತ್ತೇನೆ.

ನನ್ನ ಕಿರಿಯ ಮಗ, ನಮ್ಮ ಸಣ್ಣವನ ಮೊದಲ ಕೆಲಸ ಆರು ತಿಂಗಳಿಗೆ ಹೋದದ್ದು ನಿಮಗೆಲ್ಲ ನೆನಪಿರಬೇಕು. ಕಣ್ಣಿನ ತೊಂದರೆಯಿಂದ ಆ ಕೆಲಸ ಅವನಿಂದ ಆಗಲಿಲ್ಲ ಎಂದು ಆಗ ನಾನೇ ಎಲ್ಲರಿಗೂ ಹೇಳಿದ್ದೆ. ಅದು ಪೂರ್ತಿ ನಿಜವಲ್ಲ. ಅವನ ದೃಷ್ಟಿ ಹುಟ್ಟಿನಿಂದಲೇ ಕಡಿಮೆ, ಕನ್ನಡಕದಿಂದ ಸರಿಹೋಗುವಂಥದ್ದಲ್ಲ ಎಂಬುದು ನಿಮಗೆ ಗೊತ್ತು. ಆದರೆ ಕೆಲಸ ಹೋದದ್ದು ಅವನ ಕಣ್ಣಿನಿಂದಲ್ಲ, ನನ್ನ ಬಾಯಿಯಿಂದ.

2012ರಲ್ಲಿ ಇಂಟರ್‌ವ್ಯೂಗೆ ನಾನೇ ಅವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ಎರಡನೇ ಮಹಡಿಯಲ್ಲಿ ಆಫೀಸು. ಮೆಟ್ಟಿಲಿನ ಅಂಚು ಕಾಣದೆ ಎಡವುತ್ತಾನೆಂದು ಕೈ ಹಿಡಿದು ಹತ್ತಿಸಿದೆ, ಹಿಡಿದ ಕೈಯನ್ನು ಬಿಡದೆ ಒಳಗೂ ಹೋಗಿ ಪಕ್ಕದ ಕುರ್ಚಿಯಲ್ಲಿ ಕುಳಿತೆ. ಎದುರಿಗಿದ್ದವರು ಒಳ್ಳೆಯವರೇ. ಅವನ ಮುಖ ನೋಡಿ, "ಕಂಪ್ಯೂಟರಿನಲ್ಲಿ ಕೆಲಸ ಮಾಡಲು ನಿಮಗೆ ಏನಾದರೂ ವ್ಯವಸ್ಥೆ ಬೇಕೇ?" ಎಂದು ಕೇಳಿದರು. ಅವನು ಬಾಯಿ ತೆರೆಯುವಷ್ಟರಲ್ಲಿ ನಾನು, "ಏನೂ ಬೇಡ ಸಾರ್, ಎಲ್ಲ ಮಾಡುತ್ತಾನೆ, ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಾನೆ" ಎಂದೆ. ಅವರು ಮತ್ತೊಮ್ಮೆ ಅವನ ಕಡೆ ನೋಡಿದರು. ನಾನು ಮತ್ತೊಮ್ಮೆ ಉತ್ತರಿಸಿದೆ. ಮೂರನೆಯ ಪ್ರಶ್ನೆಯಿಂದ ಅವರು ನನ್ನನ್ನೇ ನೋಡಿ ಕೇಳತೊಡಗಿದರು. ಕೆಲಸ ಸಿಕ್ಕಿತು, ನಾನು ಗೆದ್ದೆನೆಂದುಕೊಂಡು ಬರುವ ದಾರಿಯಲ್ಲಿ ಹಂಪನಕಟ್ಟೆಯಲ್ಲಿ ಒಂದು ಕಿಲೋ ಸಿಹಿ ಕಟ್ಟಿಸಿಕೊಂಡು ಬಂದೆ.

ಅಲ್ಲಿ ಅವನಿಗೆ ಕೊಟ್ಟದ್ದು ಕಿಟಕಿಗೆ ಎದುರಾಗಿದ್ದ ಮೇಜು. ಮಧ್ಯಾಹ್ನದ ಬಿಸಿಲು ಪರದೆಗೆ ಹೊಡೆದರೆ ಅವನಿಗೆ ಅಂಕಿಗಳು ಅಳಿಸಿಹೋದಂತೆ ಆಗುತ್ತಿತ್ತು, 3 ಮತ್ತು 8 ಒಂದೇ ಆಗುತ್ತಿದ್ದವು. ಕೇಳಬಹುದಿತ್ತು. ಆದರೆ ಏನೂ ಬೇಡವೆಂದು ಅಪ್ಪ ಹೇಳಿದ್ದಾರಲ್ಲ, ಈಗ ಕೇಳಿದರೆ ಅಪ್ಪ ಸುಳ್ಳು ಹೇಳಿದಂತೆ ಆಗುತ್ತದಲ್ಲ ಎಂದು ಸುಮ್ಮನಿದ್ದ. ಎಲ್ಲರೂ ಹೋದ ಮೇಲೆ ಉಳಿದುಕೊಂಡು ದಿನದ ಎಂಟ್ರಿಗಳನ್ನೆಲ್ಲ ಮತ್ತೆ ನೋಡುತ್ತಿದ್ದ. ಮನೆಗೆ ಬರುವಾಗ ರಾತ್ರಿ ಎಂಟು, ಒಂಬತ್ತು. ಕೆಲಸ ಕಲಿಯುವ ಹುರುಪು ಎಂದು ನಾನು ತಿಳಿದಿದ್ದೆ. ಆರು ತಿಂಗಳ ಪ್ರೊಬೇಷನ್ ಮುಗಿದ ದಿನ, ತಪ್ಪುಗಳು ಹೆಚ್ಚು ಎಂಬ ಒಂದೇ ಸಾಲಿನ ಪತ್ರ ಕೊಟ್ಟು ಕಳಿಸಿದರು. ಮರುದಿನ ಅವನ ಬುತ್ತಿಯ ಚೀಲ ತೊಳೆಯಲು ತೆಗೆದಾಗ ಪಕ್ಕದ ಜೇಬಿನಲ್ಲಿ, ಕರವಸ್ತ್ರದಲ್ಲಿ ಸುತ್ತಿಟ್ಟ ಭೂತಗನ್ನಡಿ ಸಿಕ್ಕಿತು. ಅದರ ಹಿಡಿಗೆ ಉಪ್ಪಿನಕಾಯಿಯ ಎಣ್ಣೆ ಅಂಟಿ ವಾಸನೆ ಬರುತ್ತಿತ್ತು. ಯಾರೂ ಇಲ್ಲದಾಗ ಮಾತ್ರ ಹೊರಗೆ ತೆಗೆಯುತ್ತಿದ್ದನಂತೆ.

ಆಮೇಲೆ ಅಲ್ಲಿಯ ಹಿರಿಯ ಗುಮಾಸ್ತರೊಬ್ಬರು ಪೇಟೆಯಲ್ಲಿ ಸಿಕ್ಕಾಗ, "ಒಂದು ಮಾತು ಹೇಳಿದ್ದರೆ ಮೇಜನ್ನು ತಿರುಗಿಸಿಕೊಡುತ್ತಿದ್ದೆವು" ಎಂದರು. ಅಕ್ಷರ ದೊಡ್ಡದು ಮಾಡಿ ತೋರಿಸುವ ಮ್ಯಾಗ್ನಿಫೈಯರ್ ವಿಂಡೋಸ್‌ನಲ್ಲೇ ಇರುತ್ತದೆ, ಅದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಕೂಡ ಉಚಿತವೇ, ಆಗಲೇ ಬಂದು ಕೆಲವು ವರ್ಷ ಆಗಿತ್ತು. ಮೇಜು ತಿರುಗಿಸಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷದ ಕೆಲಸಕ್ಕೆ ಅಡ್ಡ ನಿಂತವನು ನಾನು.

ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. ಕಾಲೇಜಿನಲ್ಲಿ ಇದ್ದಷ್ಟು ದಿನ ಎಲ್ಲವೂ ನನ್ನ ಮೂಲಕವೇ ನಡೆದಿತ್ತು. ಪ್ರತಿ ಪರೀಕ್ಷೆಗೆ ಮೊದಲು ಪ್ರಿನ್ಸಿಪಾಲರ ಕೋಣೆಯ ಹೊರಗೆ ಕಾದವನು ನಾನು, ಪರೀಕ್ಷೆ ಬರೆದುಕೊಡುವ ಹುಡುಗನನ್ನು ಹುಡುಕಿದವನು ನಾನು, ಹೆಚ್ಚುವರಿ ಸಮಯಕ್ಕೆ ಅರ್ಜಿ ಬರೆದವನು ನಾನು, ಅವನು ಕೆಳಗೆ ಸಹಿ ಮಾತ್ರ ಹಾಕುತ್ತಿದ್ದ. ಡಿಗ್ರಿ ಮುಗಿಯುವಾಗ ಅವನಿಗೆ ತೆರಿಗೆಯ ಲೆಕ್ಕ ಬರುತ್ತಿತ್ತು, "ನನಗೆ ಇದು ಬೇಕು" ಎಂದು ಒಬ್ಬ ಅಪರಿಚಿತರ ಮುಂದೆ ಹೇಳಲು ಬರುತ್ತಿರಲಿಲ್ಲ. ಕಾಲೇಜು ಪೋಷಕರನ್ನು ಕರೆದು ಕೂರಿಸಿ ಮಾತನಾಡುತ್ತದೆ, ಆಫೀಸಿನಲ್ಲಿ ಪೋಷಕರ ಸಭೆ ಎಂಬುದಿಲ್ಲ. ಎರಡನೆಯ ಕೆಲಸಕ್ಕೆ ಅವನು ಒಬ್ಬನೇ ಬಸ್ಸು ಹತ್ತಿ ಹೋದ. ಮೇಜು ಎಲ್ಲಿರಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು, ಯಾವ ತಂತ್ರಾಂಶ ಹಾಕಬೇಕು ಎಂದು ಐದು ಸಾಲು ಬರೆದು ಜೇಬಿನಲ್ಲಿಟ್ಟುಕೊಂಡಿದ್ದ. ಅದನ್ನು ಮೊದಲು ನನಗೆ ತೋರಿಸಲೂ ಇಲ್ಲ. ಇಂದಿಗೂ ಅಲ್ಲಿಯೇ ಇದ್ದಾನೆ.

ಹಾಗಾಗಿ ಮತ್ತೊಮ್ಮೆ ಹೇಳುತ್ತೇನೆ, ಒಳಗೆ ಹೋಗಬೇಡ ಮಗಳೇ. ಅವಳು ಒಂದು ಪ್ರಶ್ನೆಯನ್ನು ತಪ್ಪಾಗಿ ಕೇಳಿಸಿಕೊಂಡು ತಪ್ಪು ಉತ್ತರ ಕೊಟ್ಟರೂ ಪರವಾಗಿಲ್ಲ. ಅಲ್ಲಿ ನಿನ್ನ ಕುರ್ಚಿ ಬೇಡ.

ಈಗ ನಾನು ಬರೆದು ಕಳಿಸುತ್ತಿರುವ ಕಾರಣಕ್ಕೆ ಬರುತ್ತೇನೆ. ಯಾರಿಗಾದರೂ ಬೇಸರವಾದರೆ ಆಗಲಿ. ಪುಟ್ಟಿ ಈ ಗುಂಪಿನಲ್ಲಿ ಇದ್ದಾಳೆ. ಎರಡೂ ಕಿವಿಗೆ ಮೆಷಿನ್ ಹಾಕಿಕೊಂಡು, ಎದುರಿನವರ ತುಟಿ ನೋಡಿಕೊಂಡು ಮಾತು ಹಿಡಿಯುವ ಹುಡುಗಿ. ನೀವೆಲ್ಲ ಅವಳ ಭವಿಷ್ಯದ ಬಗ್ಗೆ ಕಳಿಸುವುದು ಧ್ವನಿಸಂದೇಶ! ನಿನ್ನೆ ರಾತ್ರಿಯಿಂದ ಈ ಒಂದು ಪ್ರಶ್ನೆಗೆ 7 ಧ್ವನಿಸಂದೇಶ ಬಂದಿವೆ, ಎಣಿಸಿದ್ದೇನೆ. ಅದರಲ್ಲಿ ಭಾವನವರದ್ದೇ ಎರಡು, ಹಿಂದೆ ಮಿಕ್ಸಿಯ ಸದ್ದು. ನವರಾತ್ರಿಗೆ ನಮ್ಮಲ್ಲಿಗೆ ಬಂದಾಗ ಪುಟ್ಟಿ ಹೇಳಿದಳು, "ಅಜ್ಜ, ಅವರೆಲ್ಲ ಏನು ಹೇಳಿದರು ಎಂದು ಕೇಳಿದರೆ ಅಮ್ಮ ಏನೂ ಇಲ್ಲ ಬಿಡು ಅನ್ನುತ್ತಾಳೆ." ಹತ್ತು ನಿಮಿಷ ಮಾತನಾಡಿದ್ದು ಏನೂ ಇಲ್ಲವಾಗುವುದು ಹೇಗೆ? ನಮ್ಮ ಸಣ್ಣವನಿಗೂ ನೀವು ಇದನ್ನೇ ಮಾಡಿದಿರಿ. ಮಳೆಗಾಲದಲ್ಲಿ ಒಂದು ಮದುವೆಯ ಹಾಲಿನ ಮೆಟ್ಟಿಲಲ್ಲಿ, ಅವನು ನನಗೆ ಕೊಡೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿರುವಾಗ, ಅವನಿಗೆ ಈಗ ಎಷ್ಟು ಕಾಣುತ್ತದೆ ಎಂದು ಮೂವರು ನನ್ನನ್ನು ಕೇಳಿದರು. ಕೊಡೆ ಹಿಡಿದವನನ್ನು ಕೇಳಬೇಕೆಂದು ಒಬ್ಬರಿಗೂ ತೋಚಲಿಲ್ಲ. ನಾನೂ ಉತ್ತರ ಹೇಳಿದೆ, ಅದು ಬೇರೆ ಮಾತು.

ಭಾವನವರು ಹೇಳಿದ್ದಕ್ಕೂ ಒಂದು ಉತ್ತರ ಕೊಡಬೇಕು. "ಮೀಸಲಾತಿ ಇದೆಯಲ್ಲ, ಖಾಸಗಿ ಕಂಪನಿಯ ಗೊಡವೆ ಏಕೆ, ಬ್ಯಾಂಕಿನ ಪರೀಕ್ಷೆ ಬರೆಯಲಿ" ಎಂದಿದ್ದೀರಿ. ಬರೆಯಲಿ, ಖಂಡಿತ ಬರೆಯಲಿ. ಆದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಇಟ್ಟಿರುವುದು ಒಟ್ಟು 4 ಶೇಕಡ, ಅದರಲ್ಲಿ ಕಿವಿಯ ತೊಂದರೆ ಇರುವವರ ಪಾಲು 1 ಶೇಕಡ. ಆ ಒಂದಕ್ಕೂ ಓದಬೇಕು, ಪರೀಕ್ಷೆ ಪಾಸಾಗಬೇಕು. ಮನೆಗೆ ತಂದುಕೊಡುವ ಪ್ರಸಾದದಂತೆ ಮಾತನಾಡಬೇಡಿ.

ಇಷ್ಟೆಲ್ಲ ಹೇಳಿ, ನೀನು ಕೇಳಿದ ಫಾರ್ಮಿನ ವಿಷಯವನ್ನೇ ಮರೆತಿದ್ದೆ. ಬರೆಯಲಿ. ಆದರೆ ಕಾಯಿಲೆಯ ಹೆಸರು ಬರೆದು ಬಿಡುವುದಲ್ಲ, ಕೆಲಸಕ್ಕೆ ಏನು ಬೇಕೆಂದು ಬರೆಯಲಿ: ಎದುರಿಗೆ ಕುಳಿತು ಮುಖ ಕಾಣುವಂತೆ ಮಾತನಾಡಿ, ಕಿಟಕಿಗೆ ಬೆನ್ನು ಮಾಡಿ ಕೂರಬೇಡಿ, ಬೆಳಕು ಹಿಂದಿನಿಂದ ಬಂದರೆ ತುಟಿ ಕಾಣುವುದಿಲ್ಲ, ಗುಂಪು ಚರ್ಚೆ ಇದ್ದರೆ ಒಬ್ಬೊಬ್ಬರಾಗಿ ಮಾತನಾಡಲಿ, ಫೋನಿನ ಸುತ್ತು ಇದ್ದರೆ ಅದರ ಬದಲು ಇಮೇಲ್ ಅಥವಾ ಚಾಟ್ ಮಾಡಿ. ಇದನ್ನೇ ನಾಳೆಯೊಳಗೆ ಅವಳ ಇಮೇಲ್‌ನಿಂದ ಅವಳೇ ಕಳಿಸಲಿ. ಗುರುವಾರ ಬಾಗಿಲಲ್ಲಿ ನಿಂತು ಹೇಳಿದರೆ ಅವರಿಗೂ ಗಡಿಬಿಡಿ, ಇವಳಿಗೂ ಗಡಿಬಿಡಿ. 20 ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಖಾಸಗಿ ಸಂಸ್ಥೆಯೂ ತನ್ನ ಸಮಾನ ಅವಕಾಶ ನೀತಿಯಲ್ಲಿ ಏನೇನು ಸೌಲಭ್ಯ ಕೊಡುತ್ತದೆ, ಇದನ್ನು ನೋಡಿಕೊಳ್ಳುವ ಅಧಿಕಾರಿ ಇದ್ದಾರೆ ಎಂಬುದನ್ನೆಲ್ಲ ಬರೆದು ಪ್ರಕಟಿಸಬೇಕೆಂದು ಅದೇ ಕಾಯ್ದೆಯ 2017ರ ನಿಯಮಗಳಲ್ಲಿದೆ. ಸಣ್ಣವನ ಕಾಲದ 1995ರ ಕಾಯ್ದೆಯಲ್ಲಿ ಇದು ಇರಲಿಲ್ಲ. ಆ ನೀತಿಯ ಪ್ರತಿ ಇದೆಯೇ ಎಂದು ಅದೇ ಇಮೇಲ್‌ನಲ್ಲಿ ಮರ್ಯಾದೆಯಿಂದ ಕೇಳಬಹುದು, ಜಗಳದ ಧಾಟಿ ಬೇಡ.

ಅವಳ ಯುಡಿಐಡಿ ಕಾರ್ಡನ್ನು, ಅಂದರೆ ಅಂಗವಿಕಲರ ಗುರುತಿನ ಚೀಟಿಯನ್ನು, ಇಂದೇ ತೆಗೆದು ನೋಡು. ವೈಕಲ್ಯ ಶೇಕಡ 40 ಅಥವಾ ಹೆಚ್ಚು ಎಂದು ಅದರಲ್ಲಿ ಇದ್ದರೆ ಮಾತ್ರ ಮೀಸಲಾತಿಗೆ ನಡೆಯುತ್ತದೆ. ಕಾರ್ಡಿಗೆ ಕೊನೆಯ ದಿನಾಂಕ ಇದೆಯೇ, ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇದೆಯೇ, ಒಂದು ಅಕ್ಷರ ಹೆಚ್ಚುಕಡಿಮೆ ಇದ್ದರೂ ಈಗಲೇ ಸರಿಮಾಡಿಸು. ಅವಧಿ ಮುಗಿಯುವುದಿದ್ದರೆ ಆ ಕಾರ್ಡಿನ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಹೋಗಿ. ಹೋಗುವಾಗ ಹೊಸ ಆಡಿಯೋಗ್ರಾಮ್, ಅಂದರೆ ಕಿವಿ ಪರೀಕ್ಷೆಯ ವರದಿ, ಇರಲಿ, ಶಾಲೆಯ ಕಾಲದ್ದು ಬೇಡ. ಫೋನಿನಲ್ಲಿ ಗೂಗಲ್‌ನವರ ಲೈವ್ ಟ್ರಾನ್ಸ್‌ಕ್ರೈಬ್ ಹಾಕಿಕೊಂಡರೆ ಎದುರಿನವರು ಆಡಿದ ಮಾತು ಪರದೆಯ ಮೇಲೆ ಅಕ್ಷರವಾಗಿ ಬರುತ್ತದೆ. ಹೆಸರುಗಳನ್ನು ಒಂದಿಷ್ಟು ತಪ್ಪು ಮಾಡುತ್ತದೆ, ಮನೆಯಲ್ಲಿ ಎರಡು ದಿನ ಅಭ್ಯಾಸ ಮಾಡಲಿ. ಮೆಷಿನ್‌ನ ಬ್ಯಾಟರಿ ಒಂದು ಜೊತೆ ಪರ್ಸಿನಲ್ಲಿರಲಿ.

ಗುರುವಾರ ಉಡುಪಿಯಿಂದ ಎಂಟು ಗಂಟೆಯೊಳಗೆ ಎಕ್ಸ್‌ಪ್ರೆಸ್ ಬಸ್ಸು ಹತ್ತಿ, ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದವರೆಗೆ ಬರುವುದು ಬೇಡ, ಜ್ಯೋತಿ ಸ್ಟಾಪಿನಲ್ಲಿ ಇಳಿಯಿರಿ. ನಾನು ಅಲ್ಲಿರುತ್ತೇನೆ. ಆಫೀಸಿನ ಗೇಟಿನವರೆಗೆ ಮೂವರೂ ಹೋಗೋಣ, ಆಮೇಲೆ ನಾನೂ ನೀನೂ ಕೆಳಗಿನ ಹೋಟೆಲಿನಲ್ಲಿ ಕುಳಿತು ಬನ್ಸ್ ತಿನ್ನುತ್ತಾ ಕಾಯೋಣ.

ಪುಟ್ಟಿ, ನೀನು ಇದನ್ನೆಲ್ಲ ಓದಿರುತ್ತೀ. ಫಾರ್ಮಿನ ಆ ಸಾಲಿನಲ್ಲಿ ಏನು ಬರೆಯಬೇಕೆಂದು ನಿನಗೆ ತೋಚಿದ್ದನ್ನು ಇಲ್ಲಿ ನೀನೇ ಬರೆದು ಹಾಕು. ಅಮ್ಮನ ಫೋನಿನಿಂದ ಬೇಡ.