ವೆಂಟಿಲೇಟರ್‌ನಲ್ಲಿದ್ದವರನ್ನು ಮಗ್ಗುಲಿಗೆ ಹೊರಳಿಸಿದ ಕೂಡಲೇ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) ಬಿತ್ತು, ತಪ್ಪೆಲ್ಲಿ?

ಫಿಸಿಯೋ_ಇಂಟರ್ನ್: ಐಸಿಯು ಪೋಸ್ಟಿಂಗ್ ಶುರುವಾಗಿ ಹತ್ತು ದಿನ. ನಿನ್ನೆ ಒಬ್ಬರಿಗೆ ಚೆಸ್ಟ್ ಫಿಸಿಯೋ (ಎದೆಯ ಕಫ ಸಡಿಲಿಸಿ ತೆಗೆಯುವ ಚಿಕಿತ್ಸೆ) ಇತ್ತು, ಬಲ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ, ವೆಂಟಿಲೇಟರ್‌ನಲ್ಲಿ 50% ಆಕ್ಸಿಜನ್. ಓದಿದ ಹಾಗೆ ಎಡ ಮಗ್ಗುಲಿಗೆ ಹಾಕಿ ಎದೆ ಮೇಲೆ ಕೈ ಇಟ್ಟಿದ್ದೆ ಅಷ್ಟೇ, ಸ್ಯಾಚುರೇಶನ್ 95ರಿಂದ 87ಕ್ಕೆ ಇಳಿಯಿತು. ಸಿಸ್ಟರ್ ಓಡಿ ಬಂದು ಅಂಗಾತ ಮಲಗಿಸಿ ಎಲ್ಲರೆದುರೇ ಬೈದರು. ಎಡಕ್ಕೆ ಹಾಕಿದ್ದೇ ತಪ್ಪಾ? ಪುಸ್ತಕದಲ್ಲಿ ತಲೆ ತಗ್ಗಿಸಿ ಅಂತಲೂ ಇದೆ, ಹಾಗೆ ಮಾಡಬೇಕಿತ್ತಾ?

ಹಳೇ_ಫಿಸಿಯೋ: ಮಗ್ಗುಲು ಸರಿಯಾಗೇ ಇದೆ. ದೊಡ್ಡವರಲ್ಲಿ ಕೆಳಗಿರುವ ಶ್ವಾಸಕೋಶಕ್ಕೆ ರಕ್ತ ಜಾಸ್ತಿ ಹರಿಯುತ್ತದೆ, ಹಾಗಾಗಿ ಚೆನ್ನಾಗಿರುವುದು ಕೆಳಗೆ, ಕಾಯಿಲೆ ಇರುವುದು ಮೇಲೆ. ಆದರೆ ಮೇಲಿನ ಕಫ ಸಡಿಲವಾಗಿ ದೊಡ್ಡ ಶ್ವಾಸನಾಳಕ್ಕೆ ಬಂದು ಕೂತರೆ ಹೀಗೇ ಆಗುತ್ತದೆ. ಪೀಕ್ ಪ್ರೆಶರ್ (ವೆಂಟಿಲೇಟರ್ ಗಾಳಿ ತಳ್ಳುವಾಗಿನ ಗರಿಷ್ಠ ಒತ್ತಡ) ಏರಿತ್ತಾ, ನೋಡಿದ್ರಾ? ಏರಿದ್ದರೆ ಮೊದಲು ಸಕ್ಷನ್ ಹಾಕಬೇಕಿತ್ತು (ನಳಿಕೆ ಇಳಿಸಿ ಕಫ ಹೀರುವುದು), ಇಲ್ಲದಿದ್ದರೆ ಆ ಕಫ ಒಳ್ಳೆ ಕಡೆಗೇ ಇಳಿಯುತ್ತೆ. ಸಕ್ಷನ್ 100% ಆಕ್ಸಿಜನ್ ಕೊಟ್ಟು, ಒಂದು ಸಲಕ್ಕೆ 15 ಸೆಕೆಂಡ್ ದಾಟದ ಹಾಗೆ. ತಲೆ ತಗ್ಗಿಸೋದು ಬೇಡವೇ ಬೇಡ. ಹೊಟ್ಟೆಯ ಫೀಡ್ (ನಳಿಕೆಯಲ್ಲಿ ಕೊಡುವ ಆಹಾರ) ಮೇಲೆ ಬರುತ್ತದೆ, ತಲೆಗೆ ಪೆಟ್ಟಾದವರಲ್ಲಂತೂ ಒಳಗಿನ ಒತ್ತಡ ಏರುತ್ತದೆ. ಇನ್ನೊಂದು, ಶ್ವಾಸಕೋಶದಿಂದ ರಕ್ತ ಬರುತ್ತಿದ್ದರೆ ಅಥವಾ ಒಳಗೆ ಕೀವು ಕಟ್ಟಿದ್ದರೆ ಲೆಕ್ಕ ಉಲ್ಟಾ, ಆ ಕಡೆಯನ್ನು ಮೇಲೆ ತರಬೇಡಿ.

ನೈಟ್_ಡ್ಯೂಟಿ_ಸಿಸ್ಟರ್: ನಾನಾಗಿದ್ದರೂ ಬೈಯುತ್ತಿದ್ದೆ ಬಿಡಿ. ನಿಮ್ಮ ಕೈ ಎದೆ ಮೇಲಿತ್ತು, ಬಾಯಿಂದ ಶ್ವಾಸನಾಳಕ್ಕೆ ಇಳಿಸಿದ ಟ್ಯೂಬ್ ಮೇಲೆ ಯಾರ ಕೈ ಇತ್ತು? ಹೊರಳಿಸುವಾಗ ಒಬ್ಬರು ತಲೆ ಹತ್ತಿರ ನಿಂತು ಟ್ಯೂಬ್ ಹಿಡಿದೇ ಇರಬೇಕು, ತುಟಿ ಹತ್ತಿರದ ಸೆಂಟಿಮೀಟರ್ ಗುರುತು ಮೊದಲೂ ಆಮೇಲೂ ನೋಡಬೇಕು. ವೆಂಟಿಲೇಟರ್‌ನ ಸರ್ಕ್ಯೂಟ್ ಪೈಪಿನಲ್ಲಿ ನಿಂತ ನೀರನ್ನು ಮೊದಲೇ ತೆಗೆಯಿರಿ, ಹೊರಳಿಸಿದಾಗ ಅದು ನೇರ ಒಳಗೆ ಹೋಗುತ್ತೆ. ಫೀಡ್ ನಿಲ್ಲಿಸಿರಬೇಕು. ಕಫ್ ಪ್ರೆಶರ್ (ಟ್ಯೂಬಿನ ಸುತ್ತ ಇರುವ ಬಲೂನಿನ ಒತ್ತಡ) 20ರಿಂದ 30 cmH2O ಒಳಗಿರಲಿ. ಇಷ್ಟು ನಮಗೆ ಮೊದಲೇ ಹೇಳಿದ್ದರೆ ಯಾರಾದರೂ ಬಂದು ನಿಲ್ಲುತ್ತಿದ್ದೆವು, ಅಲ್ವಾ?

ಫಿಸಿಯೋ_ಇಂಟರ್ನ್: ಟ್ಯೂಬ್ ಮೇಲೆ ಯಾರ ಕೈಯೂ ಇರಲಿಲ್ಲ ಅಕ್ಕ. ಪೀಕ್ ಪ್ರೆಶರ್ ನೋಡಲೂ ಇಲ್ಲ, ಕಣ್ಣೆಲ್ಲ ಸ್ಯಾಚುರೇಶನ್ ಮೇಲೇ ಇತ್ತು. ಇವತ್ತು ಸೀನಿಯರ್ ಜೊತೆ ನಿಂತು, ಸಿಸ್ಟರನ್ನೂ ಕರೆದು ಮಾಡಿದೆವು. 91ಕ್ಕೆ ಇಳಿಯಿತು, ಸಕ್ಷನ್ ಹಾಕಿದರೆ ಅಂಟಂಟಾದ ಹಳದಿ ಕಫ ಬಂತು, ಸ್ವಲ್ಪ ಹೊತ್ತಿಗೆ 96. ಮುಗಿದ ಮೇಲೆ ಹೇಗೆ ಮಲಗಿಸಬೇಕು?

ಹಳೇ_ಫಿಸಿಯೋ: ತಲೆ ಕಡೆ 30ರಿಂದ 45 ಡಿಗ್ರಿ ಎತ್ತಿಡಿ. ಡಾಕ್ಟರ್ ಬೇಡ ಅಂದಿದ್ದರೆ ಮಾತ್ರ ಬಿಡಿ.