ಕೊಂಬಿಲ್ಲದ ಸಗಣಿ ಹುಳುಗಳೆಲ್ಲ ಹೆಣ್ಣೇನಾ?

ಬದುವಿನ ಹುಡುಗಿ:
ಮಳೆ ಬಿಟ್ಟ ಮೇಲೆ ಬದುವಿನಲ್ಲಿದ್ದ ಹಸಿ ಸಗಣಿಯನ್ನು ಕಡ್ಡಿಯಿಂದ ಕೆದಕಿದೆ. ಒಂದೇ ಜಾತಿಯಂತೆ ಕಾಣುವ ಕಪ್ಪು ಹುಳುಗಳಿದ್ದವು. ದೊಡ್ಡವುಗಳ ತಲೆಯ ಮೇಲೆ ಎರಡು ಕೊಂಬು, ಚಿಕ್ಕವಕ್ಕೆ ಏನೂ ಇಲ್ಲ. ಚಿಕ್ಕವು ಹೆಣ್ಣಾ, ಇಲ್ಲಾ ಇನ್ನೂ ಬೆಳೆಯಬೇಕಾದ ಗಂಡಾ?

ಕೊಟ್ಟಿಗೆ ಮೇಷ್ಟ್ರು:
ರೆಕ್ಕೆ ಬಂದ ದುಂಬಿ ಮತ್ತೆ ಬೆಳೆಯುವುದಿಲ್ಲ ಮೇಡಂ. ಹಾಗಾಗಿ ಅವು ಹೆಣ್ಣಿರಬಹುದು, ಇಲ್ಲವೇ ಕೊಂಬಿಲ್ಲದ ಗಂಡೇ ಇರಬಹುದು. ಒಂದನ್ನು ಅಂಗಾತ ಹಾಕಿ ಹೊಟ್ಟೆಯ ಕೊನೆಯ ಪಟ್ಟಿ ನೋಡಿ. ಗಂಡಾದರೆ ಅದು ನಡುವೆ ಕಿರಿದಾಗಿರುತ್ತದೆ. ಹೆಣ್ಣಾದರೆ ಅಗಲವಾಗಿಯೇ ಇರುತ್ತದೆ. ಲೆನ್ಸ್ ಇದ್ದರೆ ಸುಲಭ.

ಇಂಥ ಕೊಂಬಿನ ಸಗಣಿ ಹುಳುಗಳಲ್ಲಿ ಚೆನ್ನಾಗಿ ಅಧ್ಯಯನ ಆಗಿರುವುದು ಯುರೋಪಿನ ಆಂಥೋಫೇಗಸ್ ಟಾರಸ್ ಎಂಬ ಜಾತಿ. ತಾಯಿ ಸಗಣಿಯ ಅಡಿಯಲ್ಲಿ ಬಿಲ ತೋಡಿ, ಉಂಡೆ ಕಟ್ಟಿ, ಉಂಡೆಗೊಂದು ಮೊಟ್ಟೆ ಇಡುತ್ತಾಳೆ. ಮರಿಗೆ ಅಷ್ಟೇ ಬುತ್ತಿ. ಉಂಡೆ ದೊಡ್ಡದಾದರೆ ಗಂಡು ದೊಡ್ಡದಾಗಿ ಬೆಳೆದು ಉದ್ದ ಕೊಂಬು ಪಡೆಯುತ್ತದೆ. ಎದೆಯ ಮೇಲಿನ ಚಿಪ್ಪು ಸುಮಾರು 5 ಮಿಲಿಮೀಟರ್ ಅಗಲ ದಾಟದಿದ್ದರೆ ಕೊಂಬು ಹೆಸರಿಗಷ್ಟೇ. ನಡುವಿನ ಅಳತೆಯ ಕೊಂಬು ಕಾಣುವುದು ಕಡಿಮೆ. ನನಗೆ ಇದೇ ಬಹಳ ಇಷ್ಟವಾದ ಸಂಗತಿ.

ಹಳ್ಳಿ ಹೈದ:
ಹಾಗಾದರೆ ಚಿಕ್ಕ ಗಂಡಿಗೆ ಹೆಣ್ಣು ಸಿಗೋದೇ ಇಲ್ವಾ ಸರ್?

ಕೊಟ್ಟಿಗೆ ಮೇಷ್ಟ್ರು:
ಸಿಗುತ್ತದೆ. ಕೊಂಬಿನ ಗಂಡು ಬಿಲದ ಬಾಯಲ್ಲಿ ಕಾವಲು ನಿಂತು, ಬಂದವನನ್ನು ಕೊಂಬಿನಿಂದ ತಳ್ಳುತ್ತದೆ. ಚಿಕ್ಕದು ಆ ಕಾದಾಟಕ್ಕೇ ಹೋಗುವುದಿಲ್ಲ. ಪಕ್ಕದಿಂದ ಇನ್ನೊಂದು ಬಿಲ ತೋಡಿ ಒಳಗಿರುವ ಹೆಣ್ಣನ್ನು ಕೂಡುತ್ತದೆ. ಕೊಂಬಿಲ್ಲದ್ದರಿಂದ ಒಳಗೆ ಓಡಾಡುವುದೂ ಸಲೀಸು. ಗೂಳಿಯನ್ನು ನೋಡಿದ ಕಣ್ಣಿಗೆ ಸಣ್ಣ ಗಂಡು ಸೋತವನಂತೆ ಕಾಣುತ್ತದೆ, ಆದರೆ ಇಲ್ಲಿ ಆ ಲೆಕ್ಕ ಸರಿಹೋಗುವುದಿಲ್ಲ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇನ್ನೊಂದು ಆಂಥೋಫೇಗಸ್ ಜಾತಿಯಲ್ಲಿ ಕೊಂಬು ಬೆಳೆಯದಂತೆ ತಡೆದಾಗ ವೃಷಣಗಳು ದೊಡ್ಡದಾಗಿ ಬೆಳೆದವು. ಅಂದರೆ ಮೈಯಲ್ಲಿರುವ ಕಸುವು ಕೊಂಬಿಗೋ ವೀರ್ಯಕ್ಕೋ ಹಂಚಿಹೋಗುತ್ತದೆ.

ಬದುವಿನ ಹುಡುಗಿ:
ಹೆಣ್ಣಿನ ಗಾತ್ರಕ್ಕೂ ಬೆಲೆ ಇದೆಯಾ?

ಕೊಟ್ಟಿಗೆ ಮೇಷ್ಟ್ರು:
ಖಂಡಿತ ಇದೆ. ದೊಡ್ಡ ತಾಯಿ ದಪ್ಪ ಉಂಡೆ ಕಟ್ಟುತ್ತಾಳೆ. ಕೊಂಬಿನ ಗಂಡು ಸಗಣಿ ಸಾಗಿಸಲು ಕೈಜೋಡಿಸಿದರೆ ಉಂಡೆ ಇನ್ನೂ ಭಾರವಾಗುತ್ತದೆ. ಚಿಕ್ಕ ಗಂಡು ಆ ಕೆಲಸಕ್ಕೆ ಬರುವುದೇ ಇಲ್ಲ ಅನ್ನಬಹುದು. ಹಾಗಾಗಿ ಒಂದು ಮರಿ ಎಷ್ಟು ದೊಡ್ಡದಾಗುತ್ತದೆ ಅನ್ನುವುದು ಬರೀ ವಂಶದ ವಿಷಯವಲ್ಲ. ಸಗಣಿ ಎಷ್ಟು ಸಿಕ್ಕಿತು, ಎಷ್ಟು ಚೆನ್ನಾಗಿತ್ತು ಅನ್ನುವುದೂ ಸೇರುತ್ತದೆ.

ನಿಮ್ಮ ಹುಳು ಬೇರೆ ಜಾತಿಯದ್ದಿರಬಹುದು. ಹೊಟ್ಟೆಯ ಪಟ್ಟಿಯ ಫೋಟೊ ಹಾಕಿ, ಪಕ್ಕದಲ್ಲಿ ಸ್ಕೇಲ್ ಇಡುವುದು ಮರೆಯಬೇಡಿ. ಆಮೇಲೆ ಅದೇ ಸಗಣಿಗೆ ಬಿಟ್ಟುಬಿಡಿ.